ಫುಟ್‌ವಾಲ್ವ್ ನೋಡಿದ್ಯಾ?

ಕಂಪ್ಯೂಟರಿಗೆ ಅಪ್ಡೇಟಿನ ಆಸೆ ಹುಟ್ಟುವುದು ಯಾವಾಗ ಅಂತ ನೀವೂ ನೋಡಿರುತ್ತೀರಿ. ಮಾಡಲು ಕೆಲಸವಿಲ್ಲದ ಭಾನುವಾರ ಹುಟ್ಟುವುದಿಲ್ಲ. ಭಜನಾ ಮಂದಿರದ ವಾರ್ಷಿಕೋತ್ಸವ, ತುಳುನಾಡಿನ ಉತ್ಸವಗಳಿಗೆಲ್ಲ ತೆರೆ ಬೀಳುವ ಪತ್ತನಾಜೆಯ ಮೊದಲು ಮುಗಿಯಬೇಕು, ಆಮಂತ್ರಣ ಪತ್ರಿಕೆ ನಾಳೆ ನಮ್ಮ ಕಾಸರಗೋಡಿನ ಬದಿಯಡ್ಕದ ಪ್ರೆಸ್ಸಿಗೆ ಹೋಗಬೇಕು, ಹೊರಗೆ ಗುಡುಗು ಶುರುವಾಗಿದೆ. ಆಗ ಹುಟ್ಟುತ್ತದೆ. ಈಗೀಗ ಕೇಳುವ ಮರ್ಯಾದೆಯೂ ಇಲ್ಲ. ನಾವು ಟೈಪ್ ಮಾಡುತ್ತಿರುವಾಗಲೇ ಒಳಗೊಳಗೇ ಇಳಿಸಿಕೊಂಡು, ಒಳಗೊಳಗೇ ಹಾಕಿಕೊಂಡು, ಏನೂ ಆಗದವರ ಹಾಗೆ ಕೂತಿರುತ್ತದೆ.

ಮರುದಿನ ಬೆಳಗ್ಗೆ ಆನ್ ಮಾಡಿದರೆ ಕಪ್ಪು ಪರದೆ, ಬಿಳಿ ಅಕ್ಷರ. ಕೊನೆಯಲ್ಲಿ ‘ಕರ್ನಲ್ ಪ್ಯಾನಿಕ್’ ಅಂತ ಬರೆದಿತ್ತು. ಕರ್ನಲ್ ಅಂದರೆ ಕಂಪ್ಯೂಟರನ್ನು ನಡೆಸುವ ತಂತ್ರಾಂಶದ ತಿರುಳು. ಅತಿಥಿಗಳ ಹೆಸರು ತಪ್ಪಿದರೆ ಬೈಗುಳ ತಿನ್ನಬೇಕಾದವನು ನಾನು. ಪ್ಯಾನಿಕ್ ಆಗುವ ಹಕ್ಕು ನನ್ನದು ತಾನೇ? ಅದನ್ನೂ ಅದೇ ಮೊದಲು ಬಳಸಿಬಿಟ್ಟಿತ್ತು.

ನನ್ನ ಲ್ಯಾಪ್‌ಟಾಪ್ ಹಳೆಯದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ಪು ಬೇಕಂತೆ, ಅದು ಇದರಲ್ಲಿ ಇಲ್ಲ. ದೀಪಾವಳಿಗೆ ಬಂದ ತಂಗಿಯ ಮಗ ವಿಂಡೋಸಿನ ಬದಲಿಗೆ ಲಿನಕ್ಸ್ ಹಾಕಿಕೊಟ್ಟು ಬೆಂಗಳೂರಿನ ಬಸ್ಸು ಹತ್ತಿದ. ಕೇರಳದ ಸರಕಾರಿ ಶಾಲೆಗಳಲ್ಲಿ ಮಕ್ಕಳು ಎಷ್ಟೋ ವರ್ಷಗಳಿಂದ ಇದರಲ್ಲೇ ಕಲಿಯುತ್ತಿದ್ದಾರೆ, ಹಾಗಾಗಿ ನನಗೂ ಹೆದರಿಕೆ ಆಗಲಿಲ್ಲ. ನಿಜ ಹೇಳಬೇಕೆಂದರೆ ಮೊನ್ನೆಯವರೆಗೂ ಚೆನ್ನಾಗಿಯೇ ಓಡುತ್ತಿತ್ತು. ನನ್ನ ಸಿಟ್ಟು ಇರುವುದೇ ಅಲ್ಲಿ. ಓಡುತ್ತಿದ್ದದ್ದನ್ನು ರಿಪೇರಿ ಮಾಡಲು ಹೇಳಿದವರು ಯಾರು?

ಅಷ್ಟರಲ್ಲಿ ದೊಡ್ಡಪ್ಪ ಬಂದರು. ಪೇಪರ್ ಓದುವ ನೆಪದಲ್ಲಿ ದಿನಾ ಬರುತ್ತಾರೆ. ಅವರಿಗೆ ಈ ಲೋಕದಲ್ಲಿ ಪೂರ್ತಿ ಗೊತ್ತಿರುವ ಯಂತ್ರ ಒಂದೇ, ಅಡಿಕೆ ತೋಟದ ಪಂಪ್‌ಸೆಟ್ಟು. ಉಳಿದ ಯಂತ್ರಗಳೆಲ್ಲ ಅದರ ತಮ್ಮಂದಿರು. ಫ್ರಿಜ್ಜು ನಿಂತಾಗ ಅವರು ಫುಟ್‌ವಾಲ್ವ್ ಬಗ್ಗೆ, ಅಂದರೆ ಪಂಪಿನ ಪೈಪಿಗೆ ನೀರೊಳಗಿನ ತುದಿಯಲ್ಲಿರುವ ವಾಲ್ವಿನ ಬಗ್ಗೆ, ವಿಚಾರಿಸಿದ್ದರು. ಅತ್ತಿಗೆಗೆ ಸೊಂಟ ಹಿಡಿದಾಗ ಕೂಡ ‘ಗಾಳಿ ಕಟ್ಟಿದ್ದು’ ಅಂದಿದ್ದರು.

“ಎಂತ ಆಯ್ತು?”

“ಸ್ಟಾರ್ಟ್ ಆಗ್ತಾ ಇಲ್ಲ.”

“ಒಳಗೆ ತಿರುಗುವ ಶಬ್ದ ಉಂಟಾ?”

“ಫ್ಯಾನ್ ತಿರುಗ್ತದೆ.”

“ತಿರುಗ್ತದೆ, ಆದ್ರೆ ನೀರು ಮಾತ್ರ ಬರುದಿಲ್ಲ. ಅಲ್ವಾ?” ಅವರ ಮುಖ ಅರಳಿತು. “ಫುಟ್‌ವಾಲ್ವ್ ನೋಡಿದ್ಯಾ?”

ಕನ್ನಡಕ ತೆಗೆದು ಜೇಬಿಗೆ ಹಾಕಿದರು. ಮುಂಗೈಯ ಹಿಂಬದಿಯಿಂದ ಲ್ಯಾಪ್‌ಟಾಪಿನ ಹೊಟ್ಟೆ ಮುಟ್ಟಿ ಬಿಸಿ ನೋಡಿದರು. ಆಮೇಲೆ ಬಗ್ಗಿ, ಗಾಳಿ ಹೋಗುವ ಕಿಂಡಿಗೆ ಮೂಗು ಇಟ್ಟು, ಕಣ್ಣು ಮುಚ್ಚಿ ಉದ್ದಕ್ಕೆ ಎಳೆದರು. “ಕಾಯಿಲ್ ಹೋಗ್ಲಿಲ್ಲ. ವೈಂಡಿಂಗ್ ಖರ್ಚು ಉಳೀತು,” ಅಂದರು. ಕೊನೆಗೆ ಅದನ್ನೆತ್ತಿ ಒಂದು ಬದಿಗೆ ವಾಲಿಸಿ ಸ್ವಲ್ಪ ಹೊತ್ತು ಹಿಡಿದುಕೊಂಡರು. ಒಳಗಿನ ಗಾಳಿ ಹೊರಗೆ ಹೋಗಲಿ ಅಂತ.

ನಾನು ಪೇಟೆಯ ಅಂಗಡಿಗೆ ಫೋನ್ ಮಾಡಿದೆ. “ಕೊಂಡುವಾ, ನೋಕ್ಕಾಂ”, ತಾ ನೋಡೋಣ ಎಂಬ ಉತ್ತರ. ಅವರು ನೋಡುವುದು ಹೇಗೆಂದು ಊರಿಗೆಲ್ಲ ಗೊತ್ತು. ಮಲಯಾಳದಲ್ಲಿ ಕೇಳಿ, ತುಳುವಿನಲ್ಲಿ ಕೇಳಿ, ಕನ್ನಡದಲ್ಲಿ ಕೇಳಿ, ಮದ್ದು ಒಂದೇ: ಫಾರ್ಮ್ಯಾಟ್. ಆಮಂತ್ರಣ ಪತ್ರಿಕೆ, ಮಂದಿರದ ಲೆಕ್ಕ, ಮದುವೆಯ ಫೋಟೋ, ಎಲ್ಲಕ್ಕೂ ಒಟ್ಟಿಗೇ ಮುಕ್ತಿ.

ಉಳಿದ ದಾರಿ ಬೆಂಗಳೂರು. ನಮ್ಮ ರಸ್ತೆಯಲ್ಲಿ ಕಂಪ್ಯೂಟರ್ ಗೊತ್ತಿರುವ ಮಕ್ಕಳಿಲ್ಲದ ಮನೆ ಇಲ್ಲ. ಆದರೆ ಅವರಲ್ಲಿ ಒಬ್ಬರೂ ಮನೆಯಲ್ಲಿಲ್ಲ. ದೊಡ್ಡಪ್ಪನ ಮಗನೂ ಅಲ್ಲೇ. ಮೊಬೈಲಿನಿಂದ ಪಂಪ್ ಸ್ಟಾರ್ಟ್ ಮಾಡುವ ಪೆಟ್ಟಿಗೆ ಕಳಿಸಿದ್ದಾನೆ. ಅದು ಇನ್ನೂ ಅಟ್ಟದಲ್ಲಿದೆ. ತೋಟಕ್ಕೆ ಇಳಿಯುವ ಕೆಲಸವೂ ಇಲ್ಲದಿದ್ದರೆ ದಿನವಿಡೀ ಎಂತ ಮಾಡುದು ಅಂತ ಅವರ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ.

ತಂಗಿಯ ಮಗ ಮೀಟಿಂಗಿನಲ್ಲಿದ್ದ, ಪಿಸುಗುಟ್ಟಿದ. “ಮಾವ, ಕಂಪೆನಿಯ ಚಿತ್ರ ಬಂದು ಹೋಗ್ತದಲ್ಲ, ಹೋದ ಕೂಡ್ಲೇ ಎಸ್ಕೇಪ್ ಒತ್ತಿ. ಒಂದೇ ಸಲ. ಎರಡು ಸಲ ಒತ್ತಿದ್ರೆ ಬೇರೆ ಕಡೆ ಹೋಗ್ತದೆ.”

ಒತ್ತಿದೆ. ಮೆನು ಬಂತು. ಅದನ್ನು ಓದುವಷ್ಟರಲ್ಲಿ ನನ್ನ ಭುಜದ ಮೇಲಿಂದ ಒಂದು ಬೆರಳು ಇಳಿದು ಎಸ್ಕೇಪನ್ನು ಇನ್ನೊಮ್ಮೆ ಗಟ್ಟಿಯಾಗಿ ಒತ್ತಿತು. ಮೆನು ಮಾಯ. ‘ಗ್ರಬ್’ ಎಂಬ ಪದ, ಮುಂದೆ ಮಿಣಿಮಿಣಿ ಗೆರೆ.

“ದೊಡ್ಡಪ್ಪ!”

“ಒಂದು ಚೆಂಬು ನೀರು ಹೊಯ್ದರೆ ಯಾವ ಪಂಪು ಎತ್ತಿದೆ ಮಾರಾಯ?”

ಫೋನಿನಲ್ಲಿ ನಗು ಕೇಳಿಸಿತು. ಮೀಟಿಂಗಿನವರೆಲ್ಲ ನಕ್ಕರೋ ಏನೋ. ಮತ್ತೆ ಆಫ್, ಮತ್ತೆ ಆನ್. ಈ ಸಲ ದೊಡ್ಡಪ್ಪನ ಎರಡೂ ಕೈಗೆ ಕಾಫಿ ಲೋಟ, ಹಲಸಿನ ಹಪ್ಪಳದ ತಟ್ಟೆ ಕೊಟ್ಟು ಕೂರಿಸಿದ್ದೆ. ಮೆನುವಿನಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’, ಅದರೊಳಗೆ ಹಳೆಯ ಕರ್ನಲ್. ಎಂಟರ್ ಒತ್ತಿದೆ. ಎದ್ದಿತು! ಆಮಂತ್ರಣ ಪತ್ರಿಕೆ ಅಲ್ಲೇ ಇತ್ತು, ‘ಸರ್ವರಿಗೂ ಆದರದ ಸ್ವಾಗತ’ ಸಹಿತ.

ಆಮೇಲೆ ಅವನು ಕಾರಣ ಹುಡುಕಿದ. ಲಿನಕ್ಸ್ ಏಳಲು ಬೇಕಾದ ಫೈಲುಗಳಿಗೆ ನನ್ನ ಡಿಸ್ಕಿನಲ್ಲಿ ‘ಬೂಟ್’ ಅಂತ ಪ್ರತ್ಯೇಕ ಸಣ್ಣ ಜಾಗ ಇತ್ತು. ಪ್ರತಿ ಅಪ್ಡೇಟಿನ ಹಳೆಯ ಕರ್ನಲ್‌ಗಳು ಅಲ್ಲೇ ಕೂತು ಜಾಗ ಭರ್ತಿಯಾಗಿತ್ತು. ಹೊಸ ಕರ್ನಲ್ ಬಂತು, ಆದರೆ ಅದರ ಜೊತೆಗಿರಬೇಕಾದ ಇನಿಟ್‌ರಾಮ್‌ಎಫ್‌ಎಸ್ ಎಂಬ ಫೈಲ್ ಪೂರ್ತಿ ಬರೆಯಲು ಜಾಗ ಸಾಲಲಿಲ್ಲ. ಅದಿಲ್ಲದಿದ್ದರೆ ಕರ್ನಲ್ಲಿಗೆ ಡಿಸ್ಕೇ ಸಿಗುವುದಿಲ್ಲ. ಹಳೆಯದನ್ನೆಲ್ಲ ತೆಗೆದು ಆ ಫೈಲನ್ನು ಮತ್ತೆ ಮಾಡಿಸಿದೆವು. ಜಾಗ ಇದೆಯೋ ಇಲ್ಲವೋ ನೋಡದೆ ಹೊಸಬನನ್ನು ಒಳಗೆ ಬಿಟ್ಟದ್ದು ಯಾಕೆ ಅಂದೆ. ಅವನು “ಮೀಟಿಂಗ್” ಅಂದ.

ಇದನ್ನು ದೊಡ್ಡಪ್ಪನಿಗೆ ವಿವರಿಸಬಾರದಿತ್ತೇನೋ.

“ಕಸ ಕಟ್ಟಿದ್ದು ಅಂತ ನಾನು ಆಗ್ಲೇ ಹೇಳ್ಲಿಲ್ವಾ?” ಅಂದರು. ಹೇಳಿರಲಿಲ್ಲ, ಗಾಳಿ ಅಂದದ್ದು. ಸಂಜೆಯೊಳಗೆ ಮಂದಿರದ ಜಗಲಿಯಲ್ಲಿ ಸುದ್ದಿ ಪೂರ್ತಿ ಬೇರೆಯಾಗಿತ್ತು. ಲ್ಯಾಪ್‌ಟಾಪನ್ನು ವಾಲಿಸಿ ಹಿಡಿದು ಎಬ್ಬಿಸಿದ್ದು ಅವರು, ನಾನು ಪಕ್ಕದಲ್ಲಿ ಟಾರ್ಚ್ ಹಿಡಿದವನು.

ನಿನ್ನೆ ಪಕ್ಕದ ಮನೆಯವರು ತಮ್ಮ ಪ್ರಿಂಟರ್ ಬಣ್ಣ ಬಿಡುತ್ತಿಲ್ಲವೆಂದು ನೇರ ಅವರನ್ನೇ ಕರೆದರು. ನಾನೂ ಹಿಂದೆ ಹೋದೆ. ಇಂಕ್ ಟ್ಯಾಂಕಿನ ಪ್ರಿಂಟರ್. ದೊಡ್ಡಪ್ಪ ಮೂಗು ಇಟ್ಟು ನೋಡಿ, “ಪೈಪಿನಲ್ಲಿ ಗಾಳಿ ಕಟ್ಟಿದೆ” ಅಂದರು. ಇಂಥ ಪ್ರಿಂಟರುಗಳಿಗೆ ಅದು ನಿಜವಾಗಿಯೂ ಬರುವ ರೋಗ. ಪಾರದರ್ಶಕ ಪೈಪಿನೊಳಗೆ ಗುಳ್ಳೆ ಕಾಣಿಸುತ್ತಲೂ ಇತ್ತು. ಇನ್ನು ಇವರನ್ನು ಹಿಡಿಯುವವರು ಯಾರು?