‘ಹೈ-ಸೆಕ್‌ನಲ್ಲಿ ಹಡಗು ಸೇಫ್’ ಅನ್ನೋದು ಸುಳ್ಳು

ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶ ಹಡಗುಗಳ ಆಟ ಆಡುವ ಸುರತ್ಕಲ್, ಮಣಿಪಾಲದ ಹುಡುಗರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡ್ತಾ ಇದೆ: ‘ಸೆಕ್ಯುರಿಟಿ 0.5ರ ಮೇಲಿದ್ದರೆ ನಿಮ್ಮ ಹಡಗನ್ನು ಯಾರೂ ಹೊಡೆಯುವಂತಿಲ್ಲ, ಹೊಡೆದರೆ ಅಕೌಂಟ್ ಬ್ಯಾನ್.’ ಆಟದ ಪ್ರತಿ ನಕ್ಷತ್ರ ವಲಯಕ್ಕೂ, ಅಂದರೆ ಸಿಸ್ಟಮ್‌ಗೂ, ಒಂದು ಸೆಕ್ಯುರಿಟಿ ಅಂಕ ಇದೆ; 0.5 ಮತ್ತು ಅದಕ್ಕಿಂತ ಮೇಲಿನದೇ ಹೈ-ಸೆಕ್. ಮೆಸೇಜಿನ ಎರಡೂ ಮಾತು ತಪ್ಪು.

ಅಲ್ಲಿನ ಪೊಲೀಸ್ ಕಾಂಕಾರ್ಡ್ ಹೊಡೆತ ತಡೆಯುವುದಿಲ್ಲ, ಹೊಡೆದವನನ್ನು ಆಮೇಲೆ ಉಡಾಯಿಸುತ್ತದೆ. ಪಂಪ್‌ವೆಲ್‌ನಲ್ಲಿ ಬೈಕಿಗೆ ಗುದ್ದಿದ ಮೇಲೆ ಪೊಲೀಸ್ ಬಂದ ಹಾಗೆ. 0.5ರಲ್ಲಿ ಅದು ಬರುವುದೂ ನಿಧಾನ, ಸರಕಿಗಾಗಿ ಹಡಗು ಒಡೆಯುವ ಬೇಟೆಗಾರರಿಗೆ ಅಷ್ಟು ಸೆಕೆಂಡು ಸಾಕು. ಅಗ್ಗದ ಕ್ಯಾಟಲಿಸ್ಟ್ ಹಡಗುಗಳಲ್ಲಿ ಗುಂಪಾಗಿ ಬರುತ್ತಾರೆ, ತಮ್ಮ ಹಡಗು ಹೋಗುತ್ತದೆ ಅಂತ ಗೊತ್ತಿದ್ದೇ. ಒಡೆದ ಹಡಗಿನ ಸರಕಿನಲ್ಲಿ ಸರಾಸರಿ ಅರ್ಧ ಉಳಿಯುತ್ತದೆ, ಅದನ್ನು ಬಾಚಿಕೊಂಡರೆ ಹೋದ ಹಡಗಿನ ಲೆಕ್ಕ ಸರಿಹೋಗುತ್ತದೆ. ಉಯೆಡಾಮಾ ಸಿಸ್ಟಮ್‌ನಲ್ಲಿ, ಇನ್ನೊಂದು ಸಿಸ್ಟಮ್‌ಗೆ ಹಾರುವ ಗೇಟಿನ ಹತ್ತಿರ, ಆಟೋಪೈಲಟ್ ಹಾಕಿ ಚಾ ಕುಡಿಯಲು ಎದ್ದೆ ಮಾರಾಯ್ರೆ, ವಾಪಸ್ ಬಂದಾಗ ನನ್ನ ಹಡಗಿಲ್ಲ, ಬರೀ ಪಾಡ್, ಅಂದರೆ ಪೈಲಟ್ ಪಾರಾಗುವ ಪುಟ್ಟ ಕ್ಯಾಪ್ಸೂಲ್!

ಬ್ಯಾನ್ ಆಗುವುದು ಕಾಂಕಾರ್ಡ್‌ನಿಂದ ತಪ್ಪಿಸಿಕೊಳ್ಳಲು ಆಟದ ಲೋಪ ಬಳಸಿದರೆ, ಅಥವಾ ಹೊಸಬರ ಸಿಸ್ಟಮ್‌ಗಳಲ್ಲಿ ಹೊಸಬರನ್ನು ಕಾಡಿದರೆ. ಉಳಿದ ಬೇಟೆ ಆಟದ ನಿಯಮದೊಳಗೇ ಇದೆ. ಆಟೋಪೈಲಟ್ ಹಡಗನ್ನು ಗೇಟಿನಿಂದ ದೂರ ಇಳಿಸಿ ತೆವಳಿಸುತ್ತದೆ, ಬೆಲೆಬಾಳುವ ಸರಕಿದ್ದರೆ ಕೈಯಿಂದಲೇ ಓಡಿಸಿ.