ಪ್ಲೂಟೊನ ಚಿಕ್ಕದು ಅಂತ ಕೈಬಿಟ್ಟಿದ್ದಲ್ಲ

ವಿಜ್ಞಾನ ವಸ್ತುಪ್ರದರ್ಶನದಲ್ಲಿ ಸೌರಮಂಡಲದ ಚಾರ್ಟ್ ಹಿಡಿದು ನಿಂತ ಮಕ್ಕಳನ್ನ ಪ್ಲೂಟೊ ಎಲ್ಲಿ ಅಂತ ಕೇಳಿ. "ಅದು ತುಂಬ ಚಿಕ್ಕದು ಸಾರ್, ಅದಕ್ಕೇ ಗ್ರಹಗಳ ಪಟ್ಟಿಯಿಂದ ತೆಗೆದುಬಿಟ್ರು" ಅಂತಾರೆ. ತಪ್ಪು ಮಕ್ಕಳದ್ದಲ್ಲ, ನಾವು ಹೇಳಿಕೊಟ್ಟಿದ್ದೇ ಹಾಗೆ. ಗಾತ್ರ ನೋಡಿ ಗ್ರಹ ಅನ್ನೋದಾದ್ರೆ 5,268 ಕಿ.ಮೀ. ವ್ಯಾಸದ ಗ್ಯಾನಿಮೀಡ್ 4,879 ಕಿ.ಮೀ.ನ ಬುಧನಿಗಿಂತ ದೊಡ್ಡದು. ಆದ್ರೂ ಅದು ಗುರುವಿನ ಉಪಗ್ರಹವೇ.

2006ರ ಆಗಸ್ಟ್ 24ರಂದು ಪ್ರಾಗ್‌ನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಗ್ರಹ ಅನ್ನಿಸಿಕೊಳ್ಳೋಕೆ ಮೂರು ಷರತ್ತು ಹಾಕಿತು. ಸೂರ್ಯನನ್ನ ಸುತ್ತಬೇಕು. ಸ್ವಂತ ಗುರುತ್ವದಿಂದ ಗುಂಡಗಾಗಿರಬೇಕು. ತನ್ನ ಕಕ್ಷೆಯ ಆಸುಪಾಸನ್ನ ತೆರವು ಮಾಡಿರಬೇಕು, ಅಂದ್ರೆ ಅಲ್ಲಿರೋ ಉಳಿದ ಕಾಯಗಳನ್ನ ದೂರ ತಳ್ಳಿರಬೇಕು, ಇಲ್ಲಾ ತನ್ನ ಹಿಡಿತಕ್ಕೆ ತಂದಿರಬೇಕು. ಪ್ಲೂಟೊ ಬಿದ್ದಿದ್ದು ಮೂರನೆಯದರಲ್ಲಿ.

ಜಗಳ ಇರೋದೂ ಈ "ತೆರವು" ಅನ್ನೋ ಮಾತಿನಲ್ಲೇ. ನೆಪ್ಚೂನ್ ದಾರಿಗೆ ಪ್ಲೂಟೊ ಅಡ್ಡ ಬರುತ್ತಲ್ಲ, ಹಾಗಾದ್ರೆ ನೆಪ್ಚೂನೂ ಗ್ರಹ ಅಲ್ಲವಾ ಅಂತ ಕೇಳೋರಿದ್ದಾರೆ. ಒಳ್ಳೆ ಪ್ರಶ್ನೆ. 1979ರಿಂದ 1999ರವರೆಗೆ ಪ್ಲೂಟೊ ನೆಪ್ಚೂನ್‌ಗಿಂತ ಸೂರ್ಯನಿಗೆ ಹತ್ತಿರ ಇದ್ದಿದ್ದೂ ನಿಜ. ಆದ್ರೆ ನೆಪ್ಚೂನ್ ಮೂರು ಸುತ್ತು ಹಾಕೋ ಹೊತ್ತಿಗೆ ಪ್ಲೂಟೊ ಸರಿಯಾಗಿ ಎರಡು ಸುತ್ತು ಮುಗಿಸುತ್ತೆ. ನೆಪ್ಚೂನಿನ ಸೆಳೆತವೇ ಅದನ್ನ ಈ ತಾಳಕ್ಕೆ ಕಟ್ಟಿಹಾಕಿದೆ. ಹೇಳಿದ ಹಾಗೆ ಕೇಳ್ಕೊಂಡು ತಿರುಗೋದನ್ನ ಅಡ್ಡಿ ಅನ್ನೋಕಾಗಲ್ಲ. 2006ರಲ್ಲೇ ಖಗೋಳ ವಿಜ್ಞಾನಿ ಸ್ಟೀವನ್ ಸೋಟರ್ ಒಂದು ಲೆಕ್ಕ ಕೊಟ್ಟರು: ಕಾಯದ ದ್ರವ್ಯರಾಶಿಯನ್ನ ಅದೇ ಕಕ್ಷಾವಲಯದ ಉಳಿದದ್ದರ ಒಟ್ಟು ದ್ರವ್ಯರಾಶಿಯಿಂದ ಭಾಗಿಸಿ. ಭೂಮಿಗೆ ಸುಮಾರು 17 ಲಕ್ಷ ಬರುತ್ತೆ, ನೆಪ್ಚೂನ್‌ಗೆ 24 ಸಾವಿರ. ಪ್ಲೂಟೊಗೆ ಒಂದೂ ಬರಲ್ಲ, 0.1ಕ್ಕಿಂತ ಕಮ್ಮಿ. ನಡುವೆ ಇಷ್ಟು ದೊಡ್ಡ ಕಂದಕ ಇರುವಾಗ ಎಂಟು ಅನ್ನೋ ಸಂಖ್ಯೆ ಯಾರದೋ ಮನಸ್ಸಿಗೆ ಬಂದಿದ್ದಲ್ಲ. "ತೆರವು" ಬದಲು "ಯಜಮಾನಿಕೆ" ಅಂದಿದ್ರೆ ಅರ್ಧ ಜಗಳ ಇರ್ತಿರಲಿಲ್ಲ. ನನ್ನ ತಕರಾರು ಇನ್ನೊಂದಿದೆ: ಗ್ರಹ ಅಲ್ಲ ಅಂತ ಹೇಳಿ ಹೆಸರು ಮಾತ್ರ "ಕುಬ್ಜ ಗ್ರಹ" ಅಂತ ಇಟ್ಟಿದ್ದು. ಹೆಸರೇ ಹೀಗಿದ್ದರೆ ಚಿಕ್ಕದಕ್ಕೇ ತೆಗೆದ್ರು ಅಂತ ಮಕ್ಕಳು ತಿಳಿಯದೆ ಇನ್ನೇನು?

ಇದು ಮೊದಲ ಸಲವೂ ಅಲ್ಲ. 1801ರ ಜನವರಿ 1ರಂದು ಇಟಲಿಯ ಖಗೋಳಜ್ಞ ಪಿಯಾಟ್ಸಿ ಮಂಗಳ ಮತ್ತು ಗುರುವಿನ ನಡುವೆ ಕಂಡ ಸೆರೆಸ್ ದಶಕಗಟ್ಟಲೆ ಗ್ರಹಗಳ ಪಟ್ಟಿಯಲ್ಲಿತ್ತು. ಅದೇ ಜಾಗದಲ್ಲಿ ಒಂದರ ಹಿಂದೊಂದು ಸಿಗುತ್ತಾ ಹೋದಾಗ ಅದು ಕ್ಷುದ್ರಗ್ರಹಗಳ ಸಾಲಿಗೆ ಸೇರಿತು. ಪ್ಲೂಟೊದ್ದೂ ಅದೇ ಕಥೆ. 1992ರಿಂದ ನೆರೆಯವು ಸಿಗತೊಡಗಿದವು, 2005ರಲ್ಲಿ ಪ್ಲೂಟೊಗಿಂತ ತೂಕದ ಎರಿಸ್ ಅನ್ನೋ ಕಾಯ ಗೊತ್ತಾಯಿತು.

"ನಮ್ಮೋರು ಒಂಬತ್ತು ಅಂದಿದ್ರು, ಇವರು ಒಂದು ಕಿತ್ತರು" ಅನ್ನೋದನ್ನೂ ದಯವಿಟ್ಟು ನಿಲ್ಲಿಸೋಣ. ನವಗ್ರಹದಲ್ಲಿ ರವಿ, ಚಂದ್ರ, ರಾಹು, ಕೇತು ಇದ್ದಾರೆ. ಭೂಮಿ ಇಲ್ಲ, ಯುರೇನಸ್ ಇಲ್ಲ, ನೆಪ್ಚೂನ್ ಇಲ್ಲ, ಪ್ಲೂಟೊ ಮೊದಲಿಂದಲೂ ಇಲ್ಲ. ಎರಡು ಪಟ್ಟಿಯೂ ಬೇರೆ, ಲೆಕ್ಕವೂ ಬೇರೆ.

ಮಕ್ಕಳಿಗೆ ತೋರಿಸೋಕೆ ಚಾರ್ಟ್ ಬೇಡ. ತುಮಕೂರು ಸೀಮೇಲಿ ತೆಂಗಿನಕಾಯಿ, ರಾಗಿ, ಕೆರೆ ಏರಿ ಮೂರಕ್ಕೂ ಬರ ಇಲ್ಲ. ಒಂದು ಸೆಂಟಿಮೀಟರಿಗೆ ಒಂದು ಲಕ್ಷ ಕಿ.ಮೀ. ಅಂತ ಇಟ್ಟುಕೊಳ್ಳಿ. ಸುಲಿದ ದಪ್ಪ ತೆಂಗಿನಕಾಯಿ, 14 ಸೆಂ.ಮೀ. ಇದ್ದರೆ ಅದೇ ಸೂರ್ಯ. ಅಲ್ಲಿಂದ ಏರಿ ಮೇಲೆ 15 ಮೀಟರ್‌ಗೆ ಒಂದು ರಾಗಿ ಕಾಳು, ಅದು ಭೂಮಿ. 78 ಮೀಟರ್‌ಗೆ ಗೋಲಿ, ಗುರು. 143ಕ್ಕೆ ಸ್ವಲ್ಪ ಚಿಕ್ಕ ಗೋಲಿ, ಶನಿ. 287ಕ್ಕೆ ಮತ್ತು 450ಕ್ಕೆ ಒಂದೊಂದು ತೊಗರಿ ಕಾಳು, ಯುರೇನಸ್ ಮತ್ತು ನೆಪ್ಚೂನ್. ಹೆಜ್ಜೆ ಎಣಿಸೋದಾದ್ರೆ ಒಬ್ಬರೇ ಎಣಿಸಬೇಕು. ಮಕ್ಕಳು ಸರದಿ ಮೇಲೆ ಎಣಿಸಿದ್ರೆ ಹೆಜ್ಜೆ ಅಳತೆ ಬದಲಾಗಿ ನೆಪ್ಚೂನ್ ಹೊತ್ತಿಗೆ ಲೆಕ್ಕ ಎಲ್ಲೋ ಹೋಗಿರುತ್ತೆ. ರಾಗಿ ಕಾಳನ್ನ ಬರಿ ನೆಲದ ಮೇಲೆ ಇಟ್ಟರೆ ಮತ್ತೆ ಸಿಗಲ್ಲ, ಬಿಳಿ ರಟ್ಟಿಗೆ ಗೋಂದು ಹಚ್ಚಿ ಅಂಟಿಸಿ.

ನೆಪ್ಚೂನ್ ದಾಟಿದ ಮೇಲೆ 590 ಮೀಟರ್‌ನಲ್ಲಿ ಕಪ್ಪು ರಟ್ಟು ಇಟ್ಟು, ಗೋಂದಿನ ಮೇಲೆ ಒಂದು ಚಿಟಿಕೆ ರಾಗಿ ಹಿಟ್ಟು ಉದುರಿಸಿ, ಅದೇ ಪ್ಲೂಟೊನ ನೆರೆಯವು. ಅದರ ನಡುವೆ ಚಿರೋಟಿ ರವೆಯ ಎರಡೇ ಎರಡು ಕಣ ಇಡಿ. ಒಂದು ಪ್ಲೂಟೊ, ಇನ್ನೊಂದು ಎರಿಸ್ (ಎರಿಸ್‌ನ ಸರಾಸರಿ ದೂರ ಇನ್ನೂ ಹೆಚ್ಚು, ಇಲ್ಲಿ ಇಡೋದು ಗಾತ್ರದ ಹೋಲಿಕೆಗೆ ಮಾತ್ರ). ಯಾವುದು ಯಾವುದು ಅಂತ ಮಕ್ಕಳನ್ನೇ ಕೇಳಿ.