ಹಂಪಿಯ ಕಲ್ಲಿನ ರಥ ಒಂದೇ ಬಂಡೆಯದ್ದಾ? ಇಲ್ಲಿದೆ ಸತ್ಯಾಂಶ

ಶಾಲಾ ಪ್ರವಾಸದ ಸೀಸನ್ ಬಂತೆಂದರೆ ವಾಟ್ಸಾಪ್ ಗ್ರೂಪುಗಳಲ್ಲಿ ಈ ಮೆಸೇಜ್ ಓಡಾಡುತ್ತದೆ: 'ಹಂಪಿಯ ಕಲ್ಲಿನ ರಥವನ್ನು ಒಂದೇ ಬಂಡೆಯಲ್ಲಿ ಕೆತ್ತಿದ್ದಾರೆ, ಎಲ್ಲರಿಗೂ ಕಳಿಸಿ.'

ಇದು ನಿಜ ಅಲ್ಲ. ವಿಜಯವಿಠ್ಠಲ ದೇವಸ್ಥಾನದ ಅಂಗಳದಲ್ಲಿರುವ ಈ ರಥವನ್ನು ಹಲವು ಗ್ರಾನೈಟ್ ಕಲ್ಲುಗಳನ್ನು ಜೋಡಿಸಿ ಕಟ್ಟಿದ್ದಾರೆ. ಅಸಲಿಗೆ ಇದು ರಥದ ಆಕಾರದ ಗರುಡನ ಗುಡಿ. ಕಲ್ಲಿನ ಸಂದುಗಳನ್ನು ಶಿಲ್ಪಿಗಳು ಕೆತ್ತನೆಯೊಳಗೆ ಎಷ್ಟು ಚೆನ್ನಾಗಿ ಮರೆಸಿದ್ದಾರೆ ಅಂದರೆ, ಬರೀ ಫೋಟೊ ನೋಡಿದವರು ಮೋಸಹೋಗುವುದು ಸಹಜ. ಇನ್ನು 50 ರೂಪಾಯಿ ನೋಟಿನ ಹಿಂಬದಿಯ ಚಿತ್ರದಲ್ಲಿ ಸಂದು ಕಾಣುವ ಮಾತೇ ಇಲ್ಲ ಬಿಡಿ.

ಮಕ್ಕಳನ್ನು ಕರೆದುಕೊಂಡು ಹೋದಾಗ ಅಲ್ಲೇ ನಿಲ್ಲಿಸಿ ತೋರಿಸಿ. ಸುತ್ತ ತಡೆ ಹಾಕಿದ್ದಾರೆ, ಆದರೂ ಸ್ವಲ್ಪ ಹೊತ್ತು ದಿಟ್ಟಿಸಿದರೆ ಗೆರೆಗಳು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಮುಂದಿರುವ ಆನೆಗಳನ್ನು ಪಕ್ಕದಿಂದ ನೋಡಿ. ಅವುಗಳ ಹಿಂದೆ ಕುದುರೆಯ ಹಿಂಗಾಲು, ಬಾಲ ಇನ್ನೂ ಉಳಿದಿವೆ! ಮೊದಲು ಅಲ್ಲಿದ್ದದ್ದು ಕುದುರೆಗಳು, ಆನೆಗಳನ್ನು ತಂದಿಟ್ಟಿದ್ದು ಆಮೇಲೆ. ರಥದ ಮೇಲೆ ಇಟ್ಟಿಗೆಯ ಗೋಪುರವೂ ಇತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೊದಲ್ಲಿ ಅದು ಕಾಣುತ್ತದೆ, ಈಗಿಲ್ಲ.

ಇಷ್ಟನ್ನು ಕಂಡುಹಿಡಿಯೋಕೆ ಮಕ್ಕಳಿಗೆ ಹತ್ತು ನಿಮಿಷ ಸಾಕು. ನಾವೋ, ಒಂದು ಗ್ರೂಪ್ ಫೋಟೊ ತೆಗೆದು 'ಬೇಗ ಬೇಗ, ಬಸ್ ಹತ್ತಿ' ಅಂತೀವಿ, ಅಲ್ವಾ? ಅಂದಹಾಗೆ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲಿ ಟಿಕೆಟ್ ಕೂಡ ಇಲ್ಲ.